ದರಗಿನಡಿಯ ಉಣುಗು, ಮನೆಯೊಳಗಿನ ಜ್ವರ

ಮಲೆನಾಡಿನಲ್ಲಿ ಡಿಸೆಂಬರ್ ಮುಗಿಯುವ ಹೊತ್ತಿಗೆ ಗದ್ದೆ ಕೊಯ್ಲಾಗಿರುತ್ತದೆ. ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸುವ ಗಡಿಬಿಡಿಯೂ ತುಸು ಇಳಿದಿರುತ್ತದೆ. ಆಮೇಲಿನದು ಬೆಟ್ಟದ ಕೆಲಸ. ಕಾಡಿನ ಮರಗಳು ಎಲೆ ಉದುರಿಸಿದ್ದೇ ತಡ, ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಗು ಗುಡಿಸಿ ಹೊರೆ ಕಟ್ಟಿ ತರಬೇಕು. ಕೊಟ್ಟಿಗೆಗೆ ಹಾಸಬೇಕು, ತೋಟಕ್ಕೆ ಮುಚ್ಚಬೇಕು. ಮಳೆಗಾಲಕ್ಕೆಂದು ಸೌದೆ ಕೂಡಿಡಬೇಕು. ಬಯಲಿನ ಹುಲ್ಲು ಒಣಗಿದಂತೆ ದನಗಳು ಕಾಡಿನ ಕಡೆ ಮುಖ ಮಾಡುತ್ತವೆ, ಅವುಗಳ ಹಿಂದೆ ಮನುಷ್ಯರೂ ಹೋಗುತ್ತಾರೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಿಂದ ಮಂಗನ ಕಾಯಿಲೆಯ ಸುದ್ದಿ ಪತ್ರಿಕೆಗಳಿಗೆ ಬರತೊಡಗುವುದೂ ಇದೇ ದಿನಗಳಲ್ಲಿ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಸುದ್ದಿಯೂ ನಿಲ್ಲುತ್ತದೆ. ಮುಂದಿನ ಚಳಿಗಾಲದವರೆಗೆ ಕಾಯಿಲೆಯನ್ನು ಎಲ್ಲರೂ ಮರೆತಿರುತ್ತಾರೆ.

ಈ ತಿಂಗಳುಗಳ ಲೆಕ್ಕ ಸುಮ್ಮನೆ ಕೂಡಿಬಂದದ್ದಲ್ಲ. ಕಾಯಿಲೆ ಮನುಷ್ಯನನ್ನು ಮುಟ್ಟುವ ದಾರಿ ಅದರಲ್ಲೇ ಇದೆ. ಆದರೆ ಯಾರನ್ನೇ ಕೇಳಿ, ಅವರ ಬೆರಳು ಮೊದಲು ಹೋಗುವುದು ಮಂಗನ ಕಡೆಗೆ. ಮಂಗನನ್ನು ಊರಿಂದಾಚೆ ಅಟ್ಟಿದರೆ ಕಾಯಿಲೆಯೂ ಹೋದೀತು ಎಂದು ನಂಬಿದವರು ಈಗಲೂ ಇದ್ದಾರೆ. ಮಂಗ ಈ ಕಾಯಿಲೆಗೆ ನಮಗಿಂತ ಮೊದಲು ಬಲಿಯಾಗುವ ಪ್ರಾಣಿ. ವೈರಸ್ಸನ್ನು ಕಾಯ್ದಿಟ್ಟುಕೊಳ್ಳುವುದು, ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುವುದು, ಕೊನೆಗೆ ಮನುಷ್ಯನ ರಕ್ತಕ್ಕೆ ಇಳಿಸುವುದು ಉಣುಗು. ಬಯಲುಸೀಮೆಯವರು ಉಣ್ಣಿ ಎನ್ನುವುದೂ ಇದನ್ನೇ.

ಕಥೆ ಶುರುವಾಗುವುದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 1957ರ ಮಾರ್ಚ್‌ನಲ್ಲಿ ಅಲ್ಲಿ ಮಂಗಗಳು ಸಾಲುಸಾಲಾಗಿ ಸಾಯುತ್ತಿವೆ, ಸುತ್ತಲಿನ ಹಳ್ಳಿಗಳ ಜನ ಸುಡುಜ್ವರದಿಂದ ಮಲಗಿದ್ದಾರೆ ಎಂಬ ವರ್ತಮಾನ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ್ದ ಕೇಂದ್ರ ಅದು. ಇವತ್ತಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಅದೇ. ವರ್ತಮಾನ ಕೇಳಿದ ವಿಜ್ಞಾನಿಗಳಿಗೆ ಎದೆ ಝಲ್ಲೆಂದಿರಬೇಕು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ಹೆಸರಾಂತ ಕಾಯಿಲೆಯೆಂದರೆ ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕಗಳನ್ನು ಕಾಡಿದ ಆ ಜ್ವರ ಏಷ್ಯಾದೊಳಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆಯಂತೂ ನಮ್ಮ ಊರುಕೇರಿಗಳಲ್ಲಿ ಬೇಕಾದಷ್ಟಿತ್ತು.

ಕೇಂದ್ರದ ನಿರ್ದೇಶಕ ಟೆಲ್ಫೋರ್ಡ್ ವರ್ಕ್, ಅವರ ಜೊತೆಗಾರ ಹೆರಾಲ್ಡ್ ಟ್ರಾಪಿಡೊ ಮತ್ತವರ ತಂಡ ಸೊರಬದ ಕಾಡಿಗೆ ಬಂತು. ಸತ್ತ ಮಂಗಗಳ ಅಂಗಾಂಶ, ರೋಗಿಗಳ ರಕ್ತ, ಕಾಡಿನ ಉಣುಗು ಮೂರರಲ್ಲೂ ಒಂದೇ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ದೂರದ ಸೈಬೀರಿಯಾದಲ್ಲಿ ಉಣ್ಣಿಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ, ಅಲ್ಲಿಯವರೆಗೆ ಯಾರೂ ಕಂಡಿರದ ಹೊಸ ವೈರಸ್. ಕಾಡಿನ ಹೆಸರನ್ನೇ ಅದಕ್ಕಿಟ್ಟರು, ಕ್ಯಾಸನೂರು ಕಾಡಿನ ಕಾಯಿಲೆ. ಆಸ್ಪತ್ರೆಯ ಚೀಟಿಗಳಲ್ಲಿ ಅದು ಕೆಎಫ್‌ಡಿ.

ಸೈಬೀರಿಯಾದ ನಂಟು ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳು ಗರಿಯೊಳಗೆ ಉಣ್ಣಿ ಹೊತ್ತು ತಂದಿರಬಹುದೇ ಎಂಬ ಅನುಮಾನ ಎದ್ದಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯುವ ದೊಡ್ಡ ಕೆಲಸ ಕೈಗೆತ್ತಿಕೊಂಡದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಭಾರತದ ಪಕ್ಷಿವಲಸೆಯ ಬಗ್ಗೆ ನಮಗೆ ಇವತ್ತು ಗೊತ್ತಿರುವುದರಲ್ಲಿ ಬಹುಪಾಲು ಆ ಯತ್ನದ ಫಲ. ಮುಂದೆ 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಸಿಕ್ಕ ಅಲ್‌ಖುರ್ಮಾ ಎಂಬ ವೈರಸ್, ಕ್ಯಾಸನೂರಿನ ವೈರಸ್ಸಿಗೆ ಅತಿ ಹತ್ತಿರದ ಸಂಬಂಧಿ ಎಂದು ಗೊತ್ತಾಯಿತು.

ಈಗ ಉಣುಗಿನ ವಿಚಾರಕ್ಕೆ ಬರೋಣ. ಉಣುಗು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗದ ಜೀವಿ. ಅದಕ್ಕೆ ರೆಕ್ಕೆಯಿಲ್ಲ, ನೆಗೆಯಲೂ ಬಾರದು. ಮರದ ಮೇಲಿಂದ ಮೈಮೇಲೆ ಉದುರುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅದಕ್ಕೆ ಬರುವ ವಿದ್ಯೆ ಒಂದೇ, ಕಾಯುವುದು. ಹುಲ್ಲಿನ ಎಸಳಿಗೋ ದರಗಿನ ಅಂಚಿಗೋ ಹತ್ತಿ, ಹಿಂಗಾಲುಗಳಿಂದ ಹಿಡಿದುಕೊಂಡು, ಮುಂಗಾಲುಗಳನ್ನು ಗಾಳಿಗೆ ಚಾಚಿ ಕೂರುತ್ತದೆ. ಆ ಮುಂಗಾಲಿನ ತುದಿಯಲ್ಲಿ ಹಾಲರ್ ಅಂಗ ಎಂದು ಕರೆಯುವ ಪುಟ್ಟ ಗುಳಿಯಿದೆ. ಹತ್ತಿರ ಸುಳಿದ ಪ್ರಾಣಿಯ ಉಸಿರು, ಮೈಬಿಸಿ, ಬೆವರಿನ ವಾಸನೆ ಎಲ್ಲವೂ ಅದಕ್ಕೆ ತಿಳಿಯುತ್ತವೆ. ಪ್ರಾಣಿ ತಾಗಿಕೊಂಡು ಹೋದ ಕ್ಷಣದಲ್ಲಿ ಕೂದಲಿಗೋ ಬಟ್ಟೆಗೋ ಅಂಟಿಕೊಂಡು, ಮೇಲೇರಿ, ಚರ್ಮ ತೆಳುವಾಗಿರುವ ಜಾಗ ಹುಡುಕುತ್ತದೆ. ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಬದಿ, ಸೊಂಟಪಟ್ಟಿ, ಕಿವಿಯ ಹಿಂದೆ ಉಣುಗು ಸಿಗುವುದು ಇದಕ್ಕೇ.

ಸೊಳ್ಳೆ ಬಂದು ಚುಚ್ಚಿ, ಹೀರಿ, ಹಾರಿಹೋಗುತ್ತದೆ. ಉಣುಗಿನದು ಹಾಗಲ್ಲ, ಅದು ದಿನಗಟ್ಟಲೆ ಕಚ್ಚಿಕೊಂಡೇ ಇರಬೇಕು. ಅದಕ್ಕೆಂದೇ ಅದರ ಬಾಯಿಯ ಕೊಳವೆಯಲ್ಲಿ ಹಿಮ್ಮುಖವಾದ ಮುಳ್ಳುಗಳಿವೆ. ಅನೇಕ ಜಾತಿಗಳು ಅಂಟನ್ನೂ ಸುರಿಸಿ ಬಾಯಿಯನ್ನು ಚರ್ಮಕ್ಕೆ ಕಚ್ಚಿಸಿಬಿಡುತ್ತವೆ. ಜೊತೆಗೆ ಜೊಲ್ಲು ಹರಿಸುತ್ತಿರುತ್ತವೆ. ಕಚ್ಚಿದ್ದು ಗೊತ್ತಾಗದಂತೆ ನೋವನ್ನು ಅಡಗಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ದೇಹದ ಪ್ರತಿರೋಧವನ್ನು ಆ ಜಾಗದಲ್ಲಿ ಮಂದಗೊಳಿಸುವ ಪದಾರ್ಥಗಳು ಆ ಜೊಲ್ಲಿನಲ್ಲಿವೆ. ವೈರಸ್ ನಮ್ಮೊಳಗೆ ಬರುವುದು ಆ ಜೊಲ್ಲಿನಲ್ಲೇ. ನಮ್ಮ ದೇಹದ ಕಾವಲನ್ನು ಉಣುಗು ಮೊದಲೇ ಮಲಗಿಸಿರುವುದರಿಂದ ವೈರಸ್ಸಿಗೆ ಒಳಹೊಕ್ಕಲು ಹೆಚ್ಚು ತ್ರಾಸವಿಲ್ಲ.

ಉಣುಗಿನ ಬಾಳಿನ ಇನ್ನೊಂದು ಗುಟ್ಟು ತಿಳಿಯದೆ ಕಾಯಿಲೆಯ ದಾರಿ ಅರ್ಥವಾಗದು. ಮೊಟ್ಟೆಯಿಂದ ಬರುವ ಮರಿಗೆ ಆರೇ ಕಾಲು. ಅದು ಒಂದು ಸಲ ರಕ್ತ ಹೀರಿ, ನೆಲಕ್ಕೆ ಬಿದ್ದು, ಪೊರೆ ಕಳಚಿ ಎಂಟು ಕಾಲಿನ ಎಳೆ ಉಣುಗಾಗುತ್ತದೆ. ವಿಜ್ಞಾನಿಗಳು ಇದನ್ನು ನಿಂಫ್ ಎನ್ನುತ್ತಾರೆ. ಅದು ಇನ್ನೊಂದು ಪ್ರಾಣಿಯ ರಕ್ತ ಹೀರಿ, ಮತ್ತೆ ಉದುರಿ, ಪೊರೆ ಕಳಚಿ ಬೆಳೆದ ಉಣುಗಾಗುತ್ತದೆ. ಅದು ಮೂರನೆಯ ಪ್ರಾಣಿಯ ಮೈ ಹತ್ತುತ್ತದೆ. ಹೊಟ್ಟೆ ತುಂಬಿದ ಹೆಣ್ಣು ನೆಲಕ್ಕಿಳಿದು ಸಾವಿರಾರು ಮೊಟ್ಟೆಯಿಟ್ಟು ಸಾಯುತ್ತದೆ. ಅಂದರೆ ಮಂಗನ ಕಾಯಿಲೆ ಹರಡುವ ಉಣುಗು ತನ್ನ ಇಡೀ ಬಾಳಿನಲ್ಲಿ ಊಟ ಮಾಡುವುದು ಮೂರೇ ಸಲ. ಒಂದು ಊಟದಲ್ಲಿ ವೈರಸ್ ಹೊಟ್ಟೆ ಸೇರಿದರೆ ಅದು ಪೊರೆ ಕಳಚಿದ ಮೇಲೂ ಒಳಗೇ ಉಳಿಯುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಮುಂದಿನ ಊಟಕ್ಕೆ ಕೂತಾಗ ಹೊಸ ಪ್ರಾಣಿಗೆ ದಾಟುತ್ತದೆ. ಸೊಳ್ಳೆಯ ಕಾಯಿಲೆಗಳು ಊರಿಗೆ ಊರನ್ನೇ ವಾರದಲ್ಲಿ ಸುತ್ತುವಾಗ ಉಣುಗಿನ ಕಾಯಿಲೆ ನಿಧಾನ, ಆದರೆ ಪಟ್ಟು ಬಿಡದು. ಒಮ್ಮೆ ಒಂದು ಕಾಡಿನಲ್ಲಿ ಬೇರೂರಿದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

ನಮ್ಮ ಪಶ್ಚಿಮಘಟ್ಟದಲ್ಲಿ ಈ ಕೆಲಸ ಮಾಡುವ ಮುಖ್ಯ ಜಾತಿ ಹಿಮಾಫೈಸಾಲಿಸ್ ಸ್ಪಿನಿಜೆರಾ. ಅದರ ವರ್ಷಚಕ್ರ ಮಳೆಯನ್ನು ನೆಚ್ಚಿಕೊಂಡಿದೆ. ಬೆಳೆದ ಉಣುಗುಗಳು ಮಳೆಗಾಲದಲ್ಲಿ ಹೆಚ್ಚು, ಅವು ಬಯಸುವುದು ದನ, ಎಮ್ಮೆ, ಕಾಡಿನ ದೊಡ್ಡ ಪ್ರಾಣಿಗಳನ್ನು. ಮಳೆ ನಿಂತ ಮೇಲೆ ಮರಿಗಳು ಹೊರಬಂದು ಇಲಿ, ಮೂಗಿಲಿ, ಅಳಿಲು, ಕಾಡುಕೋಳಿ, ಮಂಗ ಹೀಗೆ ಸಿಕ್ಕವರ ಮೈ ಹತ್ತುತ್ತವೆ. ಅವು ಪೊರೆ ಕಳಚಿ ಎಳೆ ಉಣುಗುಗಳಾಗುವುದು ಡಿಸೆಂಬರಿನಿಂದ ಆಚೆಗೆ. ಮೇ ತಿಂಗಳವರೆಗೂ ಅವುಗಳದೇ ಕಾರುಬಾರು. ಸಾಸಿವೆ ಕಾಳಿನಷ್ಟೂ ಇಲ್ಲದ ಈ ಎಳೆ ಉಣುಗುಗಳೇ ಮನುಷ್ಯನನ್ನು ಕಚ್ಚುವುದರಲ್ಲಿ ಮುಂದು. ಕಾಣುವುದಿಲ್ಲ, ಕಚ್ಚಿದ್ದು ಗೊತ್ತಾಗುವುದಿಲ್ಲ, ಇರುವುದು ದರಗಿನ ನಡುವೆ. ದರಗು ಗುಡಿಸುವ ತಿಂಗಳುಗಳೂ ಇವೇ.

ಇನ್ನು ಮಂಗನ ಪಾತ್ರ. ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳ ಮೈಯಲ್ಲಿ ವೈರಸ್ ಹೆಚ್ಚು ಸದ್ದು ಮಾಡದೆ ಬಂದು ಹೋಗುತ್ತದೆ. ಮುಸಿಯ ಮತ್ತು ನಾವು ಸಾಮಾನ್ಯವಾಗಿ ಕಾಣುವ ಕೆಂಪು ಮುಖದ ಮಂಗ ಈ ವೈರಸ್ಸಿಗೆ ತಾಳಲಾರವು. ಸೋಂಕು ತಗುಲಿದ ಮಂಗನ ರಕ್ತದಲ್ಲಿ ವೈರಸ್ ಉಕ್ಕುತ್ತದೆ. ಆ ಹೊತ್ತಿನಲ್ಲಿ ಅದರ ಮೈಮೇಲಿರುವ ಮರಿ ಉಣುಗುಗಳೆಲ್ಲ ಆ ರಕ್ತ ಹೀರಿ ವೈರಸ್ ತುಂಬಿಕೊಳ್ಳುತ್ತವೆ. ನಿತ್ರಾಣವಾದ ಮಂಗ ನೆಲಕ್ಕಿಳಿದು ಸಾಯುತ್ತದೆ. ಮೈ ತಣ್ಣಗಾದ ಕೂಡಲೇ ಉಣುಗುಗಳು ಹೆಣ ಬಿಟ್ಟು ಸುತ್ತಲಿನ ದರಗಿಗೆ ಇಳಿಯುತ್ತವೆ. ಅಲ್ಲಿಂದ ಮುಂದೆ ಆ ಮರದ ಬುಡವೇ ಅಪಾಯದ ಜಾಗ. ಹೆಣ ಕೊಳೆತು ಮಾಯವಾದ ಎಷ್ಟೋ ದಿನಗಳ ನಂತರವೂ ಅಲ್ಲಿಗೆ ಸೌದೆಗೆ ಹೋದವರಿಗೆ, ದನ ಹುಡುಕಿಕೊಂಡು ಹೋದವರಿಗೆ ಸೋಂಕು ತಗುಲಬಹುದು. ಮಂಗ ಸತ್ತ ಜಾಗದ ಸುತ್ತ 50 ಮೀಟರ್ ವ್ಯಾಪ್ತಿಯಲ್ಲಿ ಮೆಲಾಥಿಯಾನ್ ಪುಡಿ ಎರಚುವ ಕ್ರಮ ಬಂದಿರುವುದು ಈ ಕಾರಣಕ್ಕೆ.

ಮನುಷ್ಯ ಈ ಚಕ್ರದಲ್ಲಿ ದಾರಿ ತಪ್ಪಿ ಬಂದವನು. ನಮ್ಮಿಂದ ಇನ್ನೊಬ್ಬರಿಗೆ ಕಾಯಿಲೆ ದಾಟಿದ ಉದಾಹರಣೆಯಿಲ್ಲ. ಮನೆಯಲ್ಲಿ ಒಬ್ಬರು ಮಲಗಿದರೆ ಅವರ ಬಟ್ಟೆ, ತಟ್ಟೆ ಬೇರೆ ಮಾಡುವ ಅಗತ್ಯವಿಲ್ಲ, ಶುಶ್ರೂಷೆ ಮಾಡಲು ಹೆದರಬೇಕಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ, ಎಲ್ಲರೂ ಒಂದೇ ಬೆಟ್ಟಕ್ಕೆ ಹೋಗಿದ್ದಾರೆ ಅಥವಾ ಒಂದೇ ಹೊರೆ ದರಗನ್ನು ಮುಟ್ಟಿದ್ದಾರೆ ಎಂದುಕೊಳ್ಳಬೇಕು. ಈ ಕೊನೆಯ ಮಾತನ್ನು ಗಮನಿಸಿ. ಕಾಡಿಗೆ ಕಾಲಿಡದವರಿಗೂ ಕಾಯಿಲೆ ಬಂದಾಗ ಜನ ಕಕ್ಕಾಬಿಕ್ಕಿಯಾಗುತ್ತಾರೆ. ಉಣುಗು ಹೊರೆಯ ಜೊತೆ ಅಂಗಳಕ್ಕೆ ಬರಬಲ್ಲದು, ದನದ ಮೈಮೇಲೆ ಕೊಟ್ಟಿಗೆಗೆ, ನಾಯಿಯ ಮೈಮೇಲೆ ಜಗಲಿಗೂ ಬರಬಲ್ಲದು.

ದನದ ವಿಷಯ ಹೆಚ್ಚು ಬಿಡಿಸಿ ಹೇಳಬೇಕಾದದ್ದು. ದನಗಳಿಗೆ ಈ ಕಾಯಿಲೆ ಬರುವುದಿಲ್ಲವೆಂದೇ ಹೇಳಬಹುದು. ಅವುಗಳ ರಕ್ತದಲ್ಲಿ ವೈರಸ್ ಉಣುಗಿಗೆ ಅಂಟುವಷ್ಟು ಬೆಳೆಯುವುದಿಲ್ಲ. ಆದರೆ ಬೆಳೆದ ಉಣುಗುಗಳಿಗೆ ಊಟ ಹಾಕುವುದು ಅವೇ. ಕಾಡಂಚಿನಲ್ಲಿ ಮೇಯುವ ದನ ಹೆಚ್ಚಿದಂತೆ ಹೊಟ್ಟೆ ತುಂಬಿದ ಹೆಣ್ಣು ಉಣುಗು ಹೆಚ್ಚುತ್ತದೆ, ಮೊಟ್ಟೆ ಹೆಚ್ಚುತ್ತದೆ, ಬೇಸಿಗೆಗೆ ಎಳೆ ಉಣುಗುಗಳ ದಂಡು ಏಳುತ್ತದೆ. ಪುಣೆಯ ಕೇಂದ್ರ ಸಾಗರದಲ್ಲಿ ನಡೆಸುತ್ತಿದ್ದ ಕ್ಷೇತ್ರ ಕೇಂದ್ರದಲ್ಲಿ ದುಡಿದ ಕೊಲಂಬಿಯಾದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಷ್ಟು ಹಿಂದೆಯೇ ಇದನ್ನು ವಿವರಿಸಿ ಬರೆದರು. ಅವರ ವಾದದ ಸಾರ ಇಷ್ಟು: ವೈರಸ್ ಈ ಕಾಡಿನಲ್ಲಿ ಮೊದಲಿನಿಂದಲೂ ಇದ್ದಿರಬೇಕು. ಜನವಸತಿ ಬೆಳೆದು, ಕಾಡು ತುಂಡುತುಂಡಾಗಿ, ಗದ್ದೆ ತೋಟಗಳು ಒಳಸರಿದು, ಜಾನುವಾರು ಅದರೊಳಗೆ ಮೇಯತೊಡಗಿದಾಗ ಅದು ಮನುಷ್ಯನ ಕಡೆ ಉಕ್ಕಿ ಹರಿಯಿತು. ಕಾಡಿನೊಳಗಿನ ಕಾಯಿಲೆ ಎನ್ನುವುದಕ್ಕಿಂತ ಇದನ್ನು ಕಾಡಂಚಿನ ಕಾಯಿಲೆ ಎನ್ನುವುದು ಹೆಚ್ಚು ಸರಿ. ಈಚಿನ ವರ್ಷಗಳ ಅಧ್ಯಯನಗಳೂ ಹೇಳುವುದು ಇದನ್ನೇ. ದಟ್ಟ ಹಸಿರು ಕಾಡು, ತೋಟ, ಗದ್ದೆ ಒಂದರೊಳಗೊಂದು ಸೇರಿಕೊಂಡಿರುವ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು.

ಬೊಶೆಲ್ ಹೇಳಿದ್ದಕ್ಕೆ ದಕ್ಷಿಣ ಕನ್ನಡ ದುಬಾರಿ ಬೆಲೆ ತೆತ್ತು ಸಾಕ್ಷಿಯಾಯಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ ಗೇರು ತೋಟ ಮಾಡಲೆಂದು ನೂರಾರು ಹೆಕ್ಟೇರ್ ಮೂಲಕಾಡನ್ನು ಸವರಲಾಯಿತು. ಕಾಡು ಕಡಿಯಲು ಹೋದವರಿಂದ ಮೊದಲ್ಗೊಂಡು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಈ ಕಾಯಿಲೆಯ ಚರಿತ್ರೆಯಲ್ಲೇ ಅತಿ ಭೀಕರ ವರ್ಷ ಅದು. ಸೊರಬ, ಸಾಗರದ ಕಡೆ ಮೊದಲು ಕಂಡ ಕಾಯಿಲೆ ಹೀಗೆ ದಕ್ಷಿಣ ಕನ್ನಡವನ್ನೂ ಮುಟ್ಟಿತು.

2012ರ ಕೊನೆಯಲ್ಲಿ ಅದು ಬಂಡೀಪುರದಲ್ಲಿ ಕಾಣಿಸಿತು. ಅಲ್ಲಿ ಸೋಂಕು ತಗುಲಿದವರು ಸತ್ತ ಮಂಗಗಳ ಮರಣೋತ್ತರ ಪರೀಕ್ಷೆ ಮಾಡಿ, ಹೆಣ ಸುಟ್ಟು ಹಾಕುವ ಕೆಲಸದಲ್ಲಿದ್ದವರು. ಬೆನ್ನಿಗೇ ನೀಲಗಿರಿ, ವಯನಾಡು, ಮಲಪ್ಪುರಂ ಕಡೆಗಳಿಂದ ಸುದ್ದಿ ಬಂತು. 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ. ಗೋವಾ, ಸಿಂಧುದುರ್ಗಗಳಲ್ಲಿ ಹೆಚ್ಚಾಗಿ ಹಾಸಿಗೆ ಹಿಡಿದವರು ಗೇರು ಹಣ್ಣು ಆಯಲು ಹೋದವರು. ಗೇರುಬೀಜ ಉದುರುವುದೂ ಬೇಸಿಗೆಯಲ್ಲೇ, ಬಗ್ಗಿ ಆಯಬೇಕಾದದ್ದೂ ಒಣ ಎಲೆಗಳ ನಡುವಿನಿಂದಲೇ. ಮಲೆನಾಡಿನ ದರಗಿನ ಕೆಲಸಕ್ಕೂ ಅದಕ್ಕೂ ಉಣುಗಿನ ಕಣ್ಣಲ್ಲಿ ವ್ಯತ್ಯಾಸವಿಲ್ಲ. ನಂತರ 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. ಶರಾವತಿ ಕಣಿವೆಯ ಆ ಪುಟ್ಟ ಪಂಚಾಯಿತಿಯಲ್ಲಿ ಒಂದಾದ ಮೇಲೊಂದು ಸಾವು ಸಂಭವಿಸಿ, ಜನ ಮನೆ ಬಿಟ್ಟು ನೆಂಟರ ಊರುಗಳಿಗೆ ಹೋದರು. ಈಗ ಸಿದ್ದಾಪುರ, ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದಲೂ ಸುದ್ದಿ ಬರುತ್ತಿರುತ್ತದೆ.

ಉಣ್ಣಿಯಿಂದ ಬರುವ ಕಾಯಿಲೆ ಇದೊಂದೇ ಅಲ್ಲ. ಸಣ್ಣ ಜೀವಿಯೊಂದು ಕಚ್ಚಿ ರೋಗ ದಾಟಿಸಬಲ್ಲದು ಎಂಬ ಅರಿವು ಗಟ್ಟಿಯಾದದ್ದೂ ಉಣ್ಣಿಯ ಮೂಲಕವೇ. 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಫ್ರೆಡರಿಕ್ ಕಿಲ್ಬೋರ್ನ್ ಅಮೆರಿಕದ ದನಗಳನ್ನು ಕೊಲ್ಲುತ್ತಿದ್ದ ಟೆಕ್ಸಾಸ್ ಜ್ವರ ಉಣ್ಣಿಯಿಂದ ಹರಡುತ್ತದೆ ಎಂದು ತೋರಿಸಿದರು. ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟನ್ನು ರೊನಾಲ್ಡ್ ರಾಸ್ ತೋರಿಸಿದ್ದು ಅದಾದ ನಾಲ್ಕು ವರ್ಷಗಳ ನಂತರ.

ಉಣ್ಣಿಗಳ ಕಾಯಿಲೆಗಳೆಲ್ಲ ಒಂದೇ ರೀತಿ ಹರಡುವುದೂ ಇಲ್ಲ, ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಅಮೆರಿಕ, ಯುರೋಪುಗಳಲ್ಲಿರುವ ನಮ್ಮವರು ಹೆಚ್ಚು ಕೇಳುವ ಹೆಸರು ಲೈಮ್ ಕಾಯಿಲೆ. ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಆ ಬ್ಯಾಕ್ಟೀರಿಯಾ ಇರುವುದು ಉಣ್ಣಿಯ ಹೊಟ್ಟೆಯಲ್ಲಿ. ರಕ್ತ ಹೀರಲು ಶುರುವಾದ ಮೇಲೆ ಅದು ಜೊಲ್ಲಿನ ಗ್ರಂಥಿಯವರೆಗೆ ಬರಬೇಕು. ಅದಕ್ಕೆ ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಹೊತ್ತು ಹಿಡಿಯುತ್ತದೆ. ಹೀಗಾಗಿ ಅದೇ ಸಂಜೆ ಉಣ್ಣಿಯನ್ನು ಕಿತ್ತುಹಾಕಿದರೆ ಬಹುತೇಕ ಪಾರು. ಮಂಗನ ಕಾಯಿಲೆಯ ಬಳಗದ ವೈರಸ್ಸುಗಳ ರೀತಿ ಬೇರೆ, ಅವು ಜೊಲ್ಲಿನ ಗ್ರಂಥಿಯಲ್ಲೇ ಸಿದ್ಧವಾಗಿರಬಹುದು. ಉತ್ತರ ಅಮೆರಿಕದ ಪೊವಾಸನ್ ಎಂಬ ವೈರಸ್ 15 ನಿಮಿಷಗಳಲ್ಲಿ ಇಲಿಗೆ ದಾಟಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಆದ್ದರಿಂದ ನಮ್ಮ ಕಾಡಂಚಿನವರು ಸಂಜೆಯ ಹುಡುಕಾಟವನ್ನು ನೆಚ್ಚಿ ಕೂರದೆ, ಕಚ್ಚದಂತೆಯೇ ನೋಡಿಕೊಳ್ಳಬೇಕು.

2011ರ ಜನವರಿಯಲ್ಲಿ ಗುಜರಾತಿನ ಅಹಮದಾಬಾದ್ ಬಳಿ ಕಾಣಿಸಿದ ಕ್ರಿಮಿಯನ್ ಕಾಂಗೊ ರಕ್ತಸ್ರಾವ ಜ್ವರ ಇನ್ನೊಂದು ಬಗೆ. ಹಯಲೊಮ್ಮ ಎಂಬ ಉಣ್ಣಿ ದನ, ಕುರಿಗಳ ಮೂಲಕ ಅದನ್ನು ತರುತ್ತದೆ. ಅದು ಉಣ್ಣಿ ಕಚ್ಚಿದರಷ್ಟೇ ಅಲ್ಲ, ಪ್ರಾಣಿಯ ಅಥವಾ ರೋಗಿಯ ರಕ್ತ ತಾಗಿದರೂ ಬರುತ್ತದೆ. ಗುಜರಾತಿನಲ್ಲಿ ರೋಗಿಯನ್ನು ನೋಡಿಕೊಂಡ ವೈದ್ಯಕೀಯ ಸಿಬ್ಬಂದಿಯೇ ಪ್ರಾಣ ತೆತ್ತರು. ಯುರೋಪಿನ ಉಣ್ಣಿ ಮಿದುಳು ಜ್ವರ ಕಾಯಿಸದ ಮೇಕೆ ಹಾಲಿನಿಂದಲೂ ಬಂದದ್ದುಂಟು. ನಮ್ಮ ಮನೆಯ ನಾಯಿಯ ಉಣ್ಣಿ ಕೂಡ ಒಂದು ಬಗೆಯ ಟೈಫಸ್ ಜ್ವರವನ್ನು ತರಬಲ್ಲದು. ಸ್ಕ್ರಬ್ ಟೈಫಸ್ ಎಂದು ಈಚೆಗೆ ಪದೇಪದೇ ಕೇಳಿಬರುವ ಜ್ವರ ಮಾತ್ರ ಉಣ್ಣಿಯದಲ್ಲ, ಇನ್ನೂ ಸಣ್ಣ ನುಸಿಯ ಮರಿಗಳಿಂದ ಬರುವಂಥದ್ದು. ಅದಕ್ಕೆ ಒಳ್ಳೆಯ ಔಷಧವಿದೆ. ಹಾಗಾಗಿ ಜ್ವರದ ಕಾರಣ ಯಾವುದೆಂದು ರಕ್ತಪರೀಕ್ಷೆಯಿಂದ ಬೇರ್ಪಡಿಸಿ ನೋಡುವುದು ಬಹಳ ಮುಖ್ಯ.

ಮಂಗನ ಕಾಯಿಲೆಗಾದರೋ ಇದೇ ಎನ್ನುವ ಔಷಧವಿಲ್ಲ. ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಯೊಂದಿಗೆ ಜೋರು ಜ್ವರ ಬರುತ್ತದೆ. ತಲೆ ಸಿಡಿಯುತ್ತದೆ, ಸೊಂಟ, ಮೀನಖಂಡಗಳು ಮುಟ್ಟಲಾಗದಷ್ಟು ನೋಯುತ್ತವೆ, ಕಣ್ಣು ಕೆಂಪಾಗುತ್ತದೆ, ವಾಂತಿ ಭೇದಿಯಾಗುತ್ತದೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಒಸರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಹೆಚ್ಚಿನವರು ಒಂದೆರಡು ವಾರದಲ್ಲಿ ಚೇತರಿಸಿಕೊಂಡರೂ ನಿಶ್ಶಕ್ತಿ ತಿಂಗಳುಗಟ್ಟಲೆ ಬಿಡದು. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಜ್ವರ ಬಿಟ್ಟು ಒಂದೆರಡು ವಾರ ಹಾಯಾಗಿದ್ದ ಮೇಲೆ ಮತ್ತೆ ಮರುಕಳಿಸುತ್ತದೆ. ಈ ಸಲ ಜೊತೆಗೆ ಕೈಕಾಲು ನಡುಕ, ಮಂಪರು, ತಲೆಸುತ್ತು. ಒಟ್ಟು ನೂರು ರೋಗಿಗಳಲ್ಲಿ 3ರಿಂದ 5 ಜನ ಸಾಯುತ್ತಾರೆ ಎಂಬುದು ಸಾಮಾನ್ಯ ಅಂದಾಜು. ನೀರಿನಂಶ ಕಾಯ್ದುಕೊಳ್ಳುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಹೊತ್ತಿಗೆ ಸರಿಯಾಗಿ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಇವೇ ಜೀವ ಉಳಿಸುವುದು. ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ಬಗೆಯ ಗುಳಿಗೆ ತಂದು ನುಂಗಿದರೆ ರಕ್ತಸ್ರಾವ ಹೆಚ್ಚೀತು. ವೈದ್ಯರ ಮುಂದೆ ಕೂತಾಗ ಮೊದಲು ಹೇಳಬೇಕಾದ ಮಾತು, "ಇಂಥ ದಿನ ಬೆಟ್ಟಕ್ಕೆ ಹೋಗಿದ್ದೆ" ಎಂಬುದು. ಕೆಲಸಕ್ಕೆಂದು ಬೆಂಗಳೂರಿನಲ್ಲಿರುವ ಮಕ್ಕಳು ಊರಿಗೆ ಬಂದುಹೋದ ವಾರದಲ್ಲಿ ಜ್ವರ ಬಂದರೆ ಅಲ್ಲಿಯ ವೈದ್ಯರಿಗೂ ಈ ಮಾತನ್ನು ಹೇಳಬೇಕು. ಇಲ್ಲದಿದ್ದರೆ ಡೆಂಗಿ ಎಂದುಕೊಂಡು ದಿನ ಕಳೆದುಹೋಗುತ್ತದೆ.

ಲಸಿಕೆ ಇತ್ತು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಅದನ್ನು 1990ರಿಂದ ಮಲೆನಾಡಿನಲ್ಲಿ ಹಾಕುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳೊಳಗೆ ಇನ್ನೊಂದು, ಆಮೇಲೆ ವರ್ಷವರ್ಷವೂ. ಚುಚ್ಚಿದ ಕಡೆ ವಿಪರೀತ ನೋವು ಬೇರೆ. ಹೀಗಾಗಿ ಮೊದಲ ಡೋಸ್ ಹಾಕಿಸಿಕೊಂಡವರು ಮುಂದಿನದಕ್ಕೆ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಲೆಕ್ಕ ಹಿಡಿದು ನೋಡಿದಾಗ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಸುಮಾರು ಶೇ 62, ಮೂರನೆಯದೂ ಸೇರಿದರೆ ಶೇ 83. ಬರಬರುತ್ತ ಅದರ ಸಾಮರ್ಥ್ಯವೇ ಕುಗ್ಗಿದೆ ಎಂಬ ಪ್ರಶ್ನೆ ಎದ್ದು 2022ರಲ್ಲಿ ಲಸಿಕೆ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ಹೊಸ ಲಸಿಕೆ ರೂಪಿಸಲು ಕೈಹಾಕಿವೆ. 1957ರಲ್ಲಿ ಪತ್ತೆಯಾದ ಕಾಯಿಲೆಗೆ ಅರುವತ್ತೈದು ವರ್ಷಗಳ ನಂತರ ಕೈಯಲ್ಲಿದ್ದ ಒಂದು ಲಸಿಕೆಯೂ ಇಲ್ಲದಂತಾಯಿತು. ಕಾಯಿಲೆ ಬೀಳುವವರು ವರ್ಷಕ್ಕೆ ನಾಲ್ಕೈದು ನೂರು ಜನ, ಅವರಲ್ಲಿ ಬಹುಪಾಲು ಕೂಲಿಯವರು, ಸಣ್ಣ ಹಿಡುವಳಿಯವರು. ಅದಕ್ಕೇ ಈ ಕಾಯಿಲೆ ಯಾರ ಆದ್ಯತೆಯೂ ಆಗಲಿಲ್ಲ.

ಹಾಗಾದರೆ ಈಗ ಮಾಡಬಹುದಾದ್ದು ಏನು? ಕಾಡಿಗೆ ಹೋಗಬೇಡಿ ಎಂದು ಧ್ವನಿವರ್ಧಕದಲ್ಲಿ ಕೂಗುವುದು ಸುಲಭ. ದರಗಿಲ್ಲದೆ ಕೊಟ್ಟಿಗೆಯಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ, ಸೌದೆಯಿಲ್ಲದೆ ಒಲೆಯಿಲ್ಲ ಎನ್ನುವ ಮನೆಗೆ ಆ ಕೂಗಿನಿಂದ ಏನೂ ಆಗದು. ಹೋಗುವವರು ಹೋಗಿಯೇ ಹೋಗುತ್ತಾರೆ, ಹೋಗುವ ರೀತಿಯನ್ನು ಬದಲಿಸಬಹುದಷ್ಟೆ. ಆರೋಗ್ಯ ಇಲಾಖೆ ಹಂಚುವ ಉಣುಗು ನಿವಾರಕ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಸವರಿಕೊಂಡು, ಮೈತುಂಬ ಬಟ್ಟೆ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ ಹೊರಡಬೇಕು. ಊಟದ ಬುತ್ತಿ ಬಿಚ್ಚಲು ದರಗಿನ ಮೇಲೆ ಕೂರಬಾರದು. ಮನೆಗೆ ಬಂದವರೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯ ಸಂದುಗೊಂದುಗಳನ್ನು ಒಬ್ಬರಿಗೊಬ್ಬರು ನೋಡಬೇಕು. ಹೊಸ ಹೊರೆಯನ್ನು ಅಂಗಳದಲ್ಲಿ ಮಕ್ಕಳು ಆಡುವ ಕಡೆ ಇಳಿಸಬಾರದು. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಸುರಿಯುವುದು, ಬೀಡಿಯ ಕೆಂಡ ಮುಟ್ಟಿಸುವುದು, ಉಗುರಲ್ಲಿ ಹೊಸಕುವುದು ಬೇಡ. ಹಾಗೆ ಮಾಡಿದರೆ ಅದು ಇನ್ನಷ್ಟು ಜೊಲ್ಲನ್ನು ಒಳಗೆ ಬಿಟ್ಟೀತು. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಅದರ ಬಾಯಿಯ ಬಳಿ ಹಿಡಿದು ನೆಟ್ಟಗೆ ಎಳೆದು ತೆಗೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು. ದನಗಳಿಗೂ ನಾಯಿಗೂ ಪಶುವೈದ್ಯರು ಕೊಡುವ ಉಣ್ಣಿ ಔಷಧವನ್ನು ತಪ್ಪದೆ ಹಾಕಬೇಕು.

ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ನೀವೇ ಹೂಳಲು ಸುಡಲು ಮುಂದಾಗದೆ, ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅದೇ ದಿನ ತಿಳಿಸಿ. ಈ ಕಾಯಿಲೆಯಲ್ಲಿ ಜನರಿಗೆ ಮುಂಚಿತವಾಗಿ ಸಿಗುವ ಎಚ್ಚರಿಕೆ ಅದೊಂದೇ. ತಿಳಿಸಿದರೆ ಊರಿಗೆ ಕೆಟ್ಟ ಹೆಸರು, ಕಾಡಿಗೆ ಬಿಡುವುದಿಲ್ಲ ಎಂಬ ಅಂಜಿಕೆಯಿಂದ ಮುಚ್ಚಿಟ್ಟ ಸುದ್ದಿ, ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಜ್ವರವಾಗಿ ಬರುತ್ತದೆ. ಇಲಾಖೆಯೂ ಜನವರಿಯಲ್ಲಿ ಮೊದಲ ರೋಗಿ ಬಿದ್ದ ಮೇಲೆ ಎಚ್ಚೆತ್ತುಕೊಂಡರೆ ಪ್ರಯೋಜನವಿಲ್ಲ. ಬಿಳಿ ಬಟ್ಟೆ ಎಳೆದು ಕಾಡಂಚಿನ ಉಣುಗು ಸಂಗ್ರಹಿಸಿ ಪರೀಕ್ಷಿಸುವುದು, ಎಣ್ಣೆ ಹಂಚುವುದು, ದನಗಳಿಗೆ ಔಷಧ ಹಾಕಿಸುವುದು ಎಲ್ಲವೂ ದೀಪಾವಳಿಯ ಹೊತ್ತಿಗೆ ಮುಗಿದಿರಬೇಕು. ಆರೋಗ್ಯ, ಅರಣ್ಯ, ಪಶುಪಾಲನೆ ಮೂರೂ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂತರೆ ಮಾತ್ರ ಇದು ಸಾಧ್ಯ. ಹೊಸ ಲಸಿಕೆ ಬರುವವರೆಗೆ ಕಾಡಂಚಿನ ಜನರಿಗಿರುವ ರಕ್ಷಣೆ ಇಷ್ಟೇ.